ಎರಡು ಪುಸ್ತಕ, ಒಂದೇ ಸಾಕ್ಷಿ

ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲೆಯಾಗಿತ್ತು ಅಂದರೆ ನಮ್ಮ ಕಡೆಯವರೇ ಎಷ್ಟೋ ಜನ ನಂಬುವುದಿಲ್ಲ. ಆದರೆ ನಿಜ. 1905ರವರೆಗೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿ ಲಿಂಗಸುಗೂರು ಅನ್ನುವ ಜಿಲ್ಲೆಯೇ ಇತ್ತು. ಆ ವರ್ಷ ಜಿಲ್ಲೆಗಳನ್ನು ಹೊಸದಾಗಿ ಹೊಂದಿಸುವಾಗ ಇದನ್ನು ಒಡೆದರು. ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿ ರಾಯಚೂರಿಗೆ ಬಂದವು. ಸುರಪುರ, ಶಹಾಪುರ ಗುಲ್ಬರ್ಗಕ್ಕೆ ಹೋದವು.

ಇಷ್ಟು ಗೊತ್ತಿಲ್ಲದೆ ಮನೆತನದ ಇತಿಹಾಸ ಹುಡುಕಲು ಕೂತರೆ ಏನಾಗುತ್ತದೆ? 'ರಾಯಚೂರು' ಅಂತ ಟೈಪ್ ಮಾಡಿ, ಬಂದ ಹಳೆಯ ವರದಿಗಳನ್ನೆಲ್ಲ ತಿರುವಿ ಹಾಕಿ, 'ನಮ್ಮೂರಿನ ಬಗ್ಗೆ ಏನೂ ಇಲ್ಲ' ಅಂತ ಎದ್ದು ಬರುತ್ತೇವೆ. ಇರುತ್ತದೆ, ಆದರೆ ಬೇರೆ ಜಿಲ್ಲೆಯ ಹೆಸರಿನಡಿ ಇರುತ್ತದೆ.

ಮಸ್ಕಿ ಸುತ್ತಲಿನ ಯಾವುದೋ ಒಂದು ಹಳ್ಳಿ ತಗೊಳ್ಳಿ. ಅಲ್ಲಿಯ ರೈತನೊಬ್ಬನ ಮನೆತನ ಇನ್ನೂರು ವರ್ಷ ಅದೇ ಮನೆಯಲ್ಲಿ, ಅದೇ ಹೊಲದಲ್ಲಿ ಇದ್ದರೂ ಅವರ ಕಾಗದ ಮಾತ್ರ ಊರೂರು ಅಲೆದಿದೆ. ಕಂಟಿಂಜೆಂಟ್ ಪಡೆಯ ಸಂಬಳದ ಬಾಕಿ ಅಂತ ಹೇಳಿ 1853ರಲ್ಲಿ ಬ್ರಿಟಿಷರು ಬೀರಾರದ ಜೊತೆಗೆ ರಾಯಚೂರು ದೋಆಬನ್ನೂ ನಿಜಾಮರಿಂದ ತೆಗೆದುಕೊಂಡರು. 1860ರ ಒಪ್ಪಂದದಲ್ಲಿ ವಾಪಸು ಕೊಟ್ಟರು. ಆಮೇಲೆ ಸಾಲಾರ್ ಜಂಗರ ಜಿಲ್ಲಾಬಂದಿಯ ಕಾಲದ ಲಿಂಗಸುಗೂರು ಜಿಲ್ಲೆ, 1905ರಿಂದ ರಾಯಚೂರು ಜಿಲ್ಲೆ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ಇತ್ತೀಚೆಗೆ ಮಸ್ಕಿಯೇ ತಾಲೂಕಾಗಿದೆ. ಅದಕ್ಕೆ ಮುಂಚೆ ಅದು ಲಿಂಗಸುಗೂರು ತಾಲೂಕಿನಲ್ಲಿತ್ತು. ಹೊಲ ಅಲುಗಾಡಲಿಲ್ಲ, ಫೈಲ್ ಮಾತ್ರ ಓಡಾಡಿತು.

ಇನ್ನು ಸ್ಪೆಲ್ಲಿಂಗ್ ಕಥೆ ಬೇರೆ. ಇಂಗ್ಲಿಷ್ ಪುಸ್ತಕಗಳಲ್ಲಿ ಲಿಂಗಸುಗೂರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದಾರೆ. ಡಬಲ್ ಓ ಹಾಕಿದವರಿದ್ದಾರೆ, ಒಂದೇ ಯು ಹಾಕಿದವರಿದ್ದಾರೆ. ಹಳೆಯ ಪುಸ್ತಕಗಳು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆಗಿ ಈಗ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಿಗುತ್ತವೆ, ಅದು ದೊಡ್ಡ ಪುಣ್ಯ. ಆದರೆ ಅವುಗಳ ಶೀರ್ಷಿಕೆ, ಇಸವಿ ಎಷ್ಟೋ ಕಡೆ ತಪ್ಪು. ಸ್ಕ್ಯಾನ್ ಆದ ಪುಟವನ್ನು ಅಕ್ಷರಕ್ಕೆ ಇಳಿಸುವ ಯಂತ್ರ 'ಯು' ಇದ್ದಲ್ಲಿ 'ಎನ್' ಓದುತ್ತದೆ. ನಾನು ಸಾಫ್ಟ್‌ವೇರ್ ಮಂದಿ, ಹಾಗಾಗಿ ಇಂಥ ಹದಿನೈದು ತಪ್ಪು ರೂಪಗಳನ್ನೆಲ್ಲ ಹಿಡಿಯುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಆಫೀಸಿನ ಕೆಲಸಕ್ಕಿಂತ ಅದರಲ್ಲೇ ಹೆಚ್ಚು ಖುಷಿ ಸಿಕ್ಕಿತು ಅಂತ ನಮ್ಮ ಮ್ಯಾನೇಜರಿಗೆ ಹೇಳಬೇಡಿ :-)

ಇಷ್ಟೆಲ್ಲ ಯಾಕೆ ಬೇಕಾಯಿತು ಅಂದರೆ, ನಮ್ಮ ಮನೆತನದ ವಂಶಾವಳಿಯ ಒಂದು ಪುಸ್ತಿಕೆ ಇದೆ. 32 ಪುಟ. ವರಸೆಯಲ್ಲಿ ನನಗೆ ದೊಡ್ಡಪ್ಪ ಆಗುವವರೊಬ್ಬರು ಅದನ್ನು ಹಿಂದೆ ಮಾಡಿಸಿದ್ದರು. ಈಗ ಎರಡನೇ ಸಲ ಅಚ್ಚು ಹಾಕಿಸಬೇಕು, ಅದರಲ್ಲಿರುವ ಮುಖ್ಯ ಮಾತನ್ನು ಮನೆದೇವರ ಗುಡಿಯಲ್ಲಿ ಕಲ್ಲಿನ ಮೇಲೂ ಕೆತ್ತಿಸಬೇಕು ಅಂತ ಅವರ ಆಸೆ. ಅದಕ್ಕೆ ಎಲ್ಲರ ಮನೆಯಿಂದ ಪಟ್ಟಿ ಎತ್ತಿಯೂ ಆಗಿದೆ. ಆ ಮುಖ್ಯ ಮಾತು ಹೀಗಿದೆ: 1868ನೇ ಇಸವಿಯಲ್ಲಿ ಲಿಂಗಸುಗೂರು ಜಿಲ್ಲೆಯ ಕಲೆಕ್ಟರ್ ಟೇಲರ್ ಸಾಹೇಬರು ನಮ್ಮ ಮೂಲ ಪುರುಷನ ಧೈರ್ಯಕ್ಕೆ ಮೆಚ್ಚಿ, ತಲೆಗೆ ರುಮಾಲು ಸುತ್ತಿ, ಇನಾಮಾಗಿ ಹೊಲ ಕೊಟ್ಟರು. ಆ ಇನಾಮು ಹಿರೇಮನಿಗೆ ಸೇರಿದ್ದು. ಮುಂದೆ ಹಿರೇಮನಿಯವರು ದೊಡ್ಡ ಮನಸ್ಸು ಮಾಡಿ ಸಣ್ಣಮನಿಯವರಿಗೂ ಒಂದು ಪಾಲು ಬಿಟ್ಟುಕೊಟ್ಟರು.

ದೊಡ್ಡಪ್ಪ ಹಿರೇಮನಿಯವರು. ನಾವು ಸಣ್ಣಮನಿಯವರು. ಕೊನೆಯ ವಾಕ್ಯ ನಮ್ಮ ಮನೆಯಲ್ಲಿ ಯಾರ ಗಂಟಲಿಗೂ ಇಳಿಯುವುದಿಲ್ಲ, ಆದರೆ ಯಾರೂ ಎದುರಾಡಿಲ್ಲ. ಯಾಕೆಂದರೆ ದೊಡ್ಡಪ್ಪನ ಹತ್ತಿರ ಒಂದು ಬ್ರಹ್ಮಾಸ್ತ್ರ ಇದೆ. "ಅಚ್ಚಾಗ್ಯಾದಪಾ ತಮ್ಮಾ. ಒಂದಲ್ಲ, ಎರಡು ಪುಸ್ತಕದಾಗ ಅಚ್ಚಾಗ್ಯಾದ. ಅವರೇನು ಸುಳ್ಳು ಬರದಾರೇನು?"

ಆ ಎರಡು ಪುಸ್ತಕಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು, ನಮ್ಮಂಥವರ ಮನೆತನಕ್ಕೆ ಅಚ್ಚಾದ ಆಕರ ಅಂತ ಏನೇನಿದೆ ನೋಡೋಣ.

ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ವಂಶವೃಕ್ಷ ಹುಡುಕುವವರು ಮೊದಲು ಹಳೆಯ ಜನಗಣತಿಯ ಹಾಳೆ ತೆಗೆಯುತ್ತಾರೆ. ಅದರಲ್ಲಿ ಮನೆಮನೆಯ ಹೆಸರು, ವಯಸ್ಸು, ಕೆಲಸ ಎಲ್ಲ ಇರುತ್ತದೆ. ನಮ್ಮಲ್ಲಿ ಆ ಬಾಗಿಲೇ ಇಲ್ಲ. ಹೈದರಾಬಾದ್ ರಾಜ್ಯದಲ್ಲಿ ಮೊದಲ ಜನಗಣತಿ ಆಗಿದ್ದು 1881ರಲ್ಲಿ. ಅಚ್ಚಾಗಿದ್ದು ಬರೀ ಮೊತ್ತಗಳು: ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಕನ್ನಡ ಮಾತಾಡುವವರು. ಸ್ವಾತಂತ್ರ್ಯದ ನಂತರ 1948ರ ಜನಗಣತಿ ಕಾಯ್ದೆಯಂತೂ ಮನೆಮನೆಯ ಹಾಳೆಯನ್ನು ಯಾರೂ ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ತರುವಂತಿಲ್ಲ ಅನ್ನುತ್ತದೆ. ಹಾಗಾಗಿ 'ನಿಮ್ಮ ಪೂರ್ವಜರನ್ನು ಹುಡುಕಿ' ಅನ್ನುವ ಹೊರದೇಶದ ವೆಬ್‌ಸೈಟುಗಳಿಗೆ ದುಡ್ಡು ಕಟ್ಟುವ ಮೊದಲು ಸ್ವಲ್ಪ ಯೋಚಿಸಿ.

ವಿಚಿತ್ರ ಅಂದರೆ ಹೊರಗಿನಿಂದ ಬಂದು ಇಲ್ಲಿ ಸತ್ತವರ ಹೆಸರು ಸಿಗುತ್ತದೆ. ನಿಜಾಮ್ ರಾಜ್ಯದಲ್ಲಿದ್ದ ಯುರೋಪಿಯನ್ನರ ಗೋರಿಗಳ ಮೇಲಿನ ಬರಹಗಳನ್ನೆಲ್ಲ ಪಟ್ಟಿ ಮಾಡಿ ಓ.ಎಸ್. ಕ್ರಾಫ್ಟನ್ ಅನ್ನುವವರು 1941ರಲ್ಲಿ ಪುಸ್ತಕ ಮಾಡಿದರು, ಜೀವನ ವಿವರ ಸಮೇತ. ಎಂಟು ತಿಂಗಳ ಮಗು ತೀರಿಕೊಂಡಿದ್ದರೂ ಅಂಥ ಗೋರಿಗಳ ಮೇಲೆ ಹೆಸರು ಇರುತ್ತದೆ. ಅದೇ ಕಾಲದ ನಮ್ಮ ಮನೆಯ ಹೆಣ್ಣುಮಕ್ಕಳ ಹೆಸರು ನಮಗೇ ಗೊತ್ತಿಲ್ಲ.

ಉಳಿದಂತೆ ಗೆಜೆಟಿಯರುಗಳು. ಇಂಪೀರಿಯಲ್ ಗೆಜೆಟಿಯರಿನ ಹೈದರಾಬಾದ್ ಸಂಪುಟ 1909ರದ್ದು. ಅದರಲ್ಲಿ ಜನಸಂಖ್ಯೆ 1901ರ ಜನಗಣತಿಯದು, ಆದರೆ ಜಿಲ್ಲೆಯ ಗಡಿ 1905ರ ನಂತರದ್ದು, ಇದನ್ನು ಗಮನದಲ್ಲಿಟ್ಟು ಓದಬೇಕು. ಸ್ವಾತಂತ್ರ್ಯದ ನಂತರದ ರಾಯಚೂರು ಜಿಲ್ಲಾ ಗೆಜೆಟಿಯರ್, ಕೆ. ಅಭಿಶಂಕರ್ ಸಂಪಾದಿಸಿದ್ದು, 1970ರದ್ದು. ಅದರಲ್ಲಿ ಕೊಪ್ಪಳ ಭಾಗವೂ ಇದೆ, ಯಾಕೆಂದರೆ ಕೊಪ್ಪಳ ಬೇರೆಯಾದದ್ದು 1997ರಲ್ಲಿ. ಸೈಯದ್ ಸಿರಾಜ್ ಉಲ್ ಹಸನ್ ಅವರ 1920ರ 'ಜಾತಿಗಳು ಮತ್ತು ಬುಡಕಟ್ಟುಗಳು' ಪುಸ್ತಕವನ್ನೂ ಜನ ವಂಶಾವಳಿಗೆ ಎಳೆದು ತರುತ್ತಾರೆ. ಅದರಲ್ಲಿರುವುದು ಒಂದೊಂದು ಸಮುದಾಯದವರು ಆಗ ಹೇಳಿಕೊಂಡ ಕಥೆ, ಆಚಾರಗಳು. ಯಾರದೇ ಮನೆಯ ವಂಶಾವಳಿಗೆ ಅದು ಪುರಾವೆ ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಶಾಸನಗಳು ಬೇಕೆಂದರೆ ಪಿ.ಬಿ. ದೇಸಾಯಿ ಅವರು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ ಮಾಡಿದ್ದಾರೆ, 1958ರದ್ದು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳೂ ಇವೆ. ಊರಿನ ಹಳೆಯ ಹೆಸರು ಅಲ್ಲಿ ಸಿಗುತ್ತದೆ, ಉದಾಹರಣೆಗೆ ಮಸ್ಕಿ ಅಂದರೆ ಶಾಸನದಲ್ಲಿ ಮೊಸಂಗಿ. ಆದರೆ ಹನ್ನೊಂದನೇ ಶತಮಾನದ ಶಾಸನದಲ್ಲಿ ನಮ್ಮ ಮನೆತನದ ಹೆಸರಿನಂಥ ಒಂದು ಹೆಸರು ಸಿಕ್ಕಿತು ಅಂತ ಅವನನ್ನು ಮುತ್ಯಾ ಮಾಡಿಕೊಳ್ಳುವುದು ಚಂದ ಅಲ್ಲ.

ಮತದಾರರ ಪಟ್ಟಿಯೊಂದೇ ನಮ್ಮ ಪಾಲಿಗೆ ನಿಜವಾಗಿ ಹೆಸರು ಹಿಡಿದು ಅಚ್ಚಾದದ್ದು. ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು. ವಯಸ್ಸನ್ನು ಮಾತ್ರ ನಂಬಬೇಡಿ. 40, 45, 50, 60... ನಮ್ಮ ಕಡೆ ಎಲ್ಲರೂ ಸೊನ್ನೆ ಇಲ್ಲವೆ ಐದರಲ್ಲೇ ಇರುತ್ತಾರೆ!

ಸಿಂಧನೂರಿನ ನನ್ನ ಗೆಳೆಯರಲ್ಲಿ ಅರ್ಧ ಜನಕ್ಕೆ ಇಷ್ಟೂ ಇಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರು ಬಂದು ಭತ್ತ ಹಾಕಿದರು. ಅವರು ನೆಲೆಸಿದ ಕಡೆಗೆಲ್ಲ 'ಕ್ಯಾಂಪ್' ಅಂತ ಹೆಸರು. 1951ರ ಜನಗಣತಿಯ ಊರುಗಳ ಪಟ್ಟಿಯಲ್ಲಿ ಆ ಕ್ಯಾಂಪುಗಳನ್ನು ಹುಡುಕಿದರೆ ಸಿಗುವುದಿಲ್ಲ, ಇರಲೇ ಇಲ್ಲವಲ್ಲ. ಅವರ ಆಕರಗಳೆಲ್ಲ ಕೃಷ್ಣಾ, ಗೋದಾವರಿ ಕಡೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು ಅದೇ ತಾಲೂಕಿನಲ್ಲಿವೆ, ಅವರ ಮುತ್ಯಾನ ಊರು ಈಗ ಬೇರೆ ದೇಶ. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚಿನಲ್ಲಿ ನಿಯಮಗಳು ಬಂದ ಮೇಲೆ, ಎಲ್ಲಿಂದ ಬಂದಿರಿ ಅನ್ನುವುದಕ್ಕೆ ಒಂದು ಕಾಗದ ಅವರಿಗೆ ಹೊಟ್ಟೆಪಾಡಿನಷ್ಟೇ ಮುಖ್ಯ. ಅವರ ಎದುರು ನಮ್ಮ ರುಮಾಲಿನ ಜಗಳ ಏನೂ ಅಲ್ಲ.

ಇರಲಿ. ನಮ್ಮ ವಿಷಯಕ್ಕೆ ಬರೋಣ. ಈ ಯಾವ ಪುಸ್ತಕದಲ್ಲೂ ನಮ್ಮ ಮೂಲ ಪುರುಷನ ಹೆಸರಿಲ್ಲ. ಸಿಗುತ್ತದೆ ಅನ್ನುವ ಆಸೆಯೂ ನನಗಿರಲಿಲ್ಲ. ಅಚ್ಚಾದ ಪುಸ್ತಕದಿಂದ ನಮ್ಮಂಥವರಿಗೆ ಆಗುವ ಉಪಯೋಗ ಬೇರೆ: ಅದು ಕಥೆಗೆ ಬೇಲಿ ಹಾಕುತ್ತದೆ. ಯಾವ ಸಾಹೇಬ ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ ಇದ್ದ? ಅವನು ಹೊಲ ಕೊಡುವ ಸ್ಥಾನದಲ್ಲಿದ್ದನೇ? ಕಥೆ ಆ ಬೇಲಿಯ ಒಳಗಿದೆಯೋ ಹೊರಗಿದೆಯೋ?

ಟೇಲರ್ ಅಂದರೆ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿಹರೆಯದಲ್ಲೇ ಇಲ್ಲಿಗೆ ಬಂದು ನಿಜಾಮರ ಸೇವೆಗೆ ಸೇರಿದ. 1839ರಲ್ಲಿ ಅವನು ಬರೆದ ಠಗ್ಗನೊಬ್ಬನ ಆತ್ಮನಿವೇದನೆಯ ಕಾದಂಬರಿ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು ಮಾಡಿತು. ಸುರಪುರದಲ್ಲಿ ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ವರ್ಷಗಟ್ಟಲೆ ಆಡಳಿತ ನೋಡಿಕೊಂಡ. ಸುರಪುರಕ್ಕೆ ಹೋದರೆ ಟೇಲರ್ ಮಂಜಿಲ್ ಈಗಲೂ ಗುಡ್ಡದ ಮೇಲಿದೆ. 1853ರಲ್ಲಿ ಅವನನ್ನು ನಳದುರ್ಗಕ್ಕೆ ಕಳಿಸಿದರು. 1858ರಲ್ಲಿ ಸುರಪುರದ ರಾಜನ ಬಂಡಾಯ ಅಡಗಿಸಿದ ಮೇಲೆ ಟೇಲರ್ ಮತ್ತೆ ಈ ಕಡೆ ಬಂದ, ಸುರಪುರ ಮತ್ತು ಪಶ್ಚಿಮ ರಾಯಚೂರು ದೋಆಬ್ ನೋಡಿಕೊಳ್ಳುವ ಅಧಿಕಾರಿಯಾಗಿ. 1860ರಲ್ಲಿ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಹೊರಟುಹೋದ. ಅದೇ ವರ್ಷ ಬ್ರಿಟಿಷರೂ ದೋಆಬನ್ನು ನಿಜಾಮರಿಗೆ ಬಿಟ್ಟುಕೊಟ್ಟರು.

1868ರಲ್ಲಿ ಟೇಲರ್ ಸಾಹೇಬ ಏನು ಮಾಡುತ್ತಿದ್ದ? ಆ ದೂರದ ದೇಶದಲ್ಲಿ ಕೂತು ಬರೆಯುತ್ತಿದ್ದ. 1863ರಲ್ಲಿ 'ತಾರಾ', 1865ರಲ್ಲಿ 'ರಾಲ್ಫ್ ಡಾರ್ನೆಲ್', 1872ರಲ್ಲಿ 'ಸೀತಾ' ಕಾದಂಬರಿಗಳು ಬಂದವು. 1876ರಲ್ಲಿ ತೀರಿಕೊಂಡ, ಮರುವರ್ಷ ಅವನ ಆತ್ಮಕಥೆ ಅಚ್ಚಾಯಿತು. ಲಿಂಗಸುಗೂರಿನಲ್ಲಿ ರುಮಾಲು ಸುತ್ತಲು ಅವನಿಗೆ ಪುರುಸೊತ್ತೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. 1868ರಲ್ಲಿ ಇಲ್ಲಿದ್ದದ್ದು ನಿಜಾಮರ ಅಧಿಕಾರಿಗಳು.

ಅಂದರೆ ಕಥೆ ಎಂಟು ವರ್ಷ ಬೇಲಿಯ ಹೊರಗೆ.

ಈಗ ಆ ಎರಡು ಪುಸ್ತಕಗಳು. ಒಂದು, 1984ರ ಸ್ಮರಣ ಸಂಚಿಕೆ, ಜಾತ್ರೆಯ ಸಂದರ್ಭದಲ್ಲಿ ಅಚ್ಚಾದದ್ದು. ಎರಡನೆಯದು, ಹತ್ತು ವರ್ಷದ ನಂತರ ಒಬ್ಬ ನಿವೃತ್ತ ಮೇಷ್ಟ್ರು ನಮ್ಮ ಸುತ್ತಲಿನ ಊರುಗಳ ಬಗ್ಗೆ ಬರೆದ ಪುಸ್ತಕ. ಎರಡರಲ್ಲೂ ಟೇಲರ್ ಇದ್ದಾನೆ, ರುಮಾಲು ಇದೆ, 1868 ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಮೇಷ್ಟ್ರ ಪುಸ್ತಕದ ಆ ಪ್ಯಾರಾದಲ್ಲಿ ಸಂಚಿಕೆಯ ನಾಲ್ಕು ವಾಕ್ಯ ಹಾಗೆಹಾಗೇ ಇವೆ. ಸಂಚಿಕೆಯಲ್ಲಿ ಒಂದು ಊರಿನ ಹೆಸರು ಮುದ್ರಾರಾಕ್ಷಸನ ಕೈಗೆ ಸಿಕ್ಕು ತಪ್ಪಾಗಿದೆ. ಮೇಷ್ಟ್ರ ಪುಸ್ತಕದಲ್ಲೂ ಅದೇ ತಪ್ಪು. ಪರೀಕ್ಷೆಯಲ್ಲಿ ಇಬ್ಬರು ಹುಡುಗರು ಒಂದೇ ಸರಿ ಉತ್ತರ ಬರೆದರೆ ಅನುಮಾನ ಬರುವುದಿಲ್ಲ. ಒಂದೇ ತಪ್ಪು ಉತ್ತರ ಬರೆದರೆ ಯಾರು ಯಾರದನ್ನು ನೋಡಿದರು ಅಂತ ಗೊತ್ತಾಗಿಬಿಡುತ್ತದೆ.

ಹಾಗಾದರೆ ಸಂಚಿಕೆಯವರಿಗೆ ಯಾರು ಹೇಳಿದರು? ಆ ಲೇಖನದ ಕೊನೆಗೆ ಸಣ್ಣ ಅಕ್ಷರದಲ್ಲಿ ಮಾಹಿತಿ ಕೊಟ್ಟವರ ಹೆಸರಿದೆ. ಯಾರು ಅಂತೀರಿ? ನಮ್ಮ ದೊಡ್ಡ ಮುತ್ಯಾನೇ. ದೊಡ್ಡಪ್ಪನ ಅಪ್ಪ! ನಮ್ಮ ಮನೆಯ ಕಟ್ಟೆಯ ಮೇಲಿಂದ ಹೊರಟ ಮಾತು ಅಚ್ಚಿನಮನೆಗೆ ಹೋಗಿ, ಅಲ್ಲಿಂದ ಇನ್ನೊಂದು ಅಚ್ಚಿನಮನೆಗೆ ಹೋಗಿ, ಹದಿನೈದಿಪ್ಪತ್ತು ವರ್ಷದ ನಂತರ 'ಇತಿಹಾಸಕಾರರು ಬರೆದಿದ್ದಾರೆ' ಅಂತ ನಮ್ಮ ಮನೆಗೇ ವಾಪಸು ಬಂದಿದೆ. ಪುಸ್ತಕ ಎರಡು, ಸಾಕ್ಷಿ ಒಬ್ಬನೇ, ಅವನೂ ನಮ್ಮವನೇ.

ಇದು ನಮ್ಮಂಥ ಸಣ್ಣ ಮನೆತನಗಳ ಕಾಯಿಲೆ ಮಾತ್ರ ಅಲ್ಲ. ಮಸ್ಕಿಯನ್ನೇ ನೋಡಿ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಅನ್ನುವ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲಿನ ಬರಹ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೇ ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿ 'ದೇವಾನಂಪಿಯ' ಅನ್ನುವ ಬಿರುದಿನ ಜೊತೆ ಅಶೋಕ ಅನ್ನುವ ಹೆಸರೇ ಇತ್ತು. ಇದು ಯಾಕೆ ದೊಡ್ಡ ಸುದ್ದಿ ಅಂದರೆ, 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಸಿಕ್ಕಿದ್ದು 'ದೇವಾನಂಪಿಯ ಪಿಯದಸಿ' ಅನ್ನುವ ಬಿರುದು ಮಾತ್ರ. ಮೊದಲು ಅವನು ಇದು ಸಿಂಹಳದ ರಾಜ ಇರಬಹುದು ಅಂದುಕೊಂಡ. ಸಿಂಹಳದಲ್ಲಿದ್ದ ಟರ್ನರ್ ಪಾಳಿ ಗ್ರಂಥ ನೋಡಿ, ಅಲ್ಲ, ಪಿಯದಸಿ ಅಂದರೆ ಅಶೋಕ ಅಂದ. ಗ್ರಂಥ ಒಂದು ಕಡೆ, ಬಂಡೆ ಇನ್ನೊಂದು ಕಡೆ. ಗ್ರಂಥ ಬರೆದ ಭಿಕ್ಷುಗಳು ಮಸ್ಕಿಯ ಬಂಡೆ ನೋಡಿ ಬರೆದವರಲ್ಲ, ಬಂಡೆ ಕೆತ್ತಿದವನು ಆ ಗ್ರಂಥ ಓದಿದವನಲ್ಲ. ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲದೆ ಇಬ್ಬರೂ ಒಂದೇ ಹೆಸರು ಹೇಳಿದರು. ಅದು ಎರಡು ಸಾಕ್ಷಿ ಅಂದರೆ!

ಆದರೆ ಅದೇ ಮಸ್ಕಿಯ ಬಗ್ಗೆ ಇನ್ನೊಂದು ಮಾತು ಪುಸ್ತಕದಿಂದ ಪುಸ್ತಕಕ್ಕೆ ಹಾರುತ್ತಲೇ ಇದೆ. 'ಅಶೋಕ ಅನ್ನುವ ಹೆಸರಿರುವ ಏಕೈಕ ಶಾಸನ' ಅಂತ. ಒಂದು ಕಾಲಕ್ಕೆ ಸರಿ ಇತ್ತು. 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ ಆ ಹೆಸರು ಸಿಕ್ಕಿತು. ಆಮೇಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು. ಸಿಂಧನೂರಿನಿಂದ ಹೊಳೆ ದಾಟಿದರೆ ಅದೇ ಸೀಮೆ. ಡಿ.ಸಿ. ಸರ್ಕಾರರಂಥ ಶಾಸನತಜ್ಞರು 1979ರ ಹೊತ್ತಿಗೆ ಇವುಗಳ ಬಗ್ಗೆ ಬರೆದಾಗಿದೆ. ಆದರೂ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಈಗಲೂ 'ಏಕೈಕ'. ನೂರು ಪುಸ್ತಕದಲ್ಲಿದೆ ಅಂತ ಯಾರಾದರೂ ವಾದ ಮಾಡಬಹುದು. ನೂರೂ ಒಂದೇ ಹಳೆಯ ಸಾಲಿನ ಮಕ್ಕಳು.

ಇದನ್ನೆಲ್ಲ ದೊಡ್ಡಪ್ಪನ ಮುಂದೆ ಹೇಳುವುದು ಹೇಗೆ ಅಂತ ಎರಡು ವಾರ ತಲೆ ಕೆಡಿಸಿಕೊಂಡೆ. ಅವರ ಅಪ್ಪ ಸುಳ್ಳು ಹೇಳಿದರು ಅಂದಂತೆ ಆಗಬಾರದು. ಕೊನೆಗೆ ಜಗಳ ತೆಗೆಯುವ ಬದಲು ಒಂದೇ ಒಂದು ಪ್ರಶ್ನೆ ಕೇಳಿದೆ. "ದೊಡ್ಡಪ್ಪಾ, ಮುತ್ಯಾ ಈ ಇಸವಿ ಎಲ್ಲರ ಬರದಿಟ್ಟಿದ್ನೇನ್ರಿ?"

ಒಳಗೆ ಹೋಗಿ ಟ್ರಂಕಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದರು. ಮುತ್ಯಾನ ಕೈಬರಹ. ಬೀಜ, ಗೊಬ್ಬರ, ಕೂಲಿಯ ಲೆಕ್ಕದ ನಡುವೆ ಒಂದು ಪುಟದಲ್ಲಿ ಮನೆತನದ ವಿಷಯ, ಟೇಲರ್ ಸಾಹೇಬನ ಕಥೆ ಏಳು ಸಾಲು. ಇಸವಿ ಇರಬೇಕಾದ ಜಾಗದಲ್ಲಿ ಕನ್ನಡ ಅಂಕಿಯಲ್ಲಿ 'ಸನ್ ೧೨೬೮' ಅಂತಿದೆ. 1868 ಅಲ್ಲ, 1268!

ನಮ್ಮ ಕಡೆಯ ಹಳೇ ಕಾಗದ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ನಿಜಾಮ್ ರಾಜ್ಯದಲ್ಲಿ ಕಂದಾಯದ ಕಾಗದಗಳಿಗೆ ಹಾಕುತ್ತಿದ್ದದ್ದು ಫಸಲಿ ವರ್ಷ. ಅದಕ್ಕೆ 590 ಇಲ್ಲವೆ 591 ಕೂಡಿಸಿದರೆ ಇಸವಿ ಬರುತ್ತದೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ 1357 ಫಸಲಿಯಲ್ಲಿ ಆಯಿತು, ಬೇಕಾದರೆ ಕೂಡಿಸಿ ನೋಡಿ. 1268 ಅಂದರೆ 1858-59. ಟೇಲರ್ ನಿಜವಾಗಿ ಈ ಸೀಮೆಯ ಅಧಿಕಾರಿಯಾಗಿದ್ದ ಕಾಲ! ಸಂಚಿಕೆಯವರಿಗೆ 1268 ಅಂದರೆ ವಿಜಯನಗರಕ್ಕಿಂತ ಹಿಂದೆ ಅನ್ನಿಸಿ, ಮುತ್ಯಾ ಎಂಟರ ಬದಲು ಎರಡು ಬರೆದಿದ್ದಾನೆ ಅಂತ 'ತಿದ್ದಿ' 1868 ಮಾಡಿರಬೇಕು. ಇದು ನನ್ನ ಊಹೆ. ಆದರೆ ಬೇರೆ ವಿವರಣೆ ನನಗೆ ಹೊಳೆಯುತ್ತಿಲ್ಲ.

ದೊಡ್ಡಪ್ಪನ ಮುಖ ನೋಡಬೇಕಿತ್ತು. "ನೋಡಿದೇನು? ನಮ್ಮಪ್ಪ ಸುಳ್ಳ ಬರದವನಲ್ಲ!"

ಹೌದು, ಅವರು ಸುಳ್ಳು ಬರೆದವರಲ್ಲ. ಬೇಲಿಯ ಹೊರಗಿದ್ದ ಕಥೆ ಈಗ ಬೇಲಿಯ ಒಳಗೆ ಬಂತು. ಆದರೆ ಒಳಗೆ ಬಂದ ಮಾತ್ರಕ್ಕೆ ನಡೆದದ್ದೇ ಅಂತ ಆಗುವುದಿಲ್ಲ. ಮುತ್ಯಾನ ಆ ಪುಟದ ಹಿಂದುಮುಂದಿನ ಲೆಕ್ಕಗಳಲ್ಲಿ ನಯಾಪೈಸೆ ಇದೆ, ಅಂದರೆ 1957ರ ನಂತರ ಬರೆದದ್ದು. ಘಟನೆಗೂ ಬರಹಕ್ಕೂ ನಡುವೆ ನೂರು ವರ್ಷ. ಟೇಲರ್ ಈ ಸೀಮೆಯಲ್ಲಿ ಹೆಸರುವಾಸಿ ಮನುಷ್ಯ. ಊರೂರಲ್ಲಿ ಅವನ ಕಥೆ ಇರುತ್ತದೆ. ಯಾವುದೋ ಸಾಹೇಬ ಕೊಟ್ಟದ್ದು ಕಾಲ ಕಳೆದಂತೆ ಟೇಲರ್ ಸಾಹೇಬ ಕೊಟ್ಟದ್ದು ಆಗುವುದು ಕಷ್ಟವೇನಲ್ಲ. ಈ ತರ್ಕ ಹೇಳಿದಾಗ ದೊಡ್ಡಪ್ಪ ಸಿಟ್ಟಾಗಲಿಲ್ಲ, ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡರು. ಸಿಟ್ಟಾಗಿದ್ದರೇ ವಾಸಿ ಇತ್ತು.

ಇನ್ನೊಂದು ಸಾಕ್ಷಿ ಬೇಕು, ನಮ್ಮ ಮುತ್ಯಾನ ಮಾತು ಕೇಳದ ಸಾಕ್ಷಿ. ನಮ್ಮ ಕಡೆ ಅಂಥವರು ಇದ್ದಾರೆ, ಹೆಳವರು. ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಒಪ್ಪಿಸುವವರು, ಈಗ ಬೈಕಿನಲ್ಲೂ ಬರುತ್ತಾರೆ. ಅವರ ಹತ್ತಿರ ಪುಸ್ತಕವೂ ಇರುತ್ತದೆ, ಬಾಯಿಪಾಠವೂ ಇರುತ್ತದೆ. ನಮ್ಮ ಹೆಳವ ಸುಗ್ಗಿಯಲ್ಲಿ ಬಂದಾಗ ಪೂರ್ತಿ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಏಳು ತಲೆಮಾರು ಹೇಳಿದ. ಆರು ಪುಸ್ತಿಕೆಗೆ ಸರಿಯಾಗಿ ಹೊಂದುತ್ತವೆ. ಮೂಲ ಪುರುಷನ ಹೆಸರೂ ಅದೇ. ಆದರೆ ಅವನ ಹಾಡಿನಲ್ಲಿ ಸಾಹೇಬನೂ ಇಲ್ಲ, ಇನಾಮೂ ಇಲ್ಲ. ಹೊಗಳಿ ಕಾಳು ಪಡೆಯುವವನು ಇಷ್ಟು ದೊಡ್ಡ ಹೊಗಳಿಕೆಯನ್ನು ಬಿಟ್ಟನೇ? ಯೋಚಿಸುವ ಮಾತು.

ಇನಾಮು ನಿಜವಾಗಿದ್ದರೆ ಕಾಗದ ಇರಲೇಬೇಕು. ನಿಜಾಮರ ಸರ್ಕಾರ ಇನಾಮುಗಳನ್ನು ವಿಚಾರಣೆ ಮಾಡಿ, ಒಪ್ಪಿದರೆ 'ಮುಂತಖಬ್' ಅಂತ ಒಂದು ತೀರ್ಪಿನ ಕಾಗದ ಕೊಡುತ್ತಿತ್ತು. ಆ ವಿಚಾರಣೆಗೆ 'ಅತಿಯಾತ್' ಅಂತ ಹೆಸರು. ಅದು ನಮ್ಮ ಮನೆಯಲ್ಲಿಲ್ಲ. ಹೈದರಾಬಾದಿನ ದಫ್ತರದಲ್ಲಿ ಇದ್ದರೂ ಇರಬಹುದು, ಹುಡುಕಿಸಬೇಕು. ಅದಕ್ಕೆ ಹಳೆಯ ಉರ್ದು ಕೈಬರಹ ಓದುವವರು ಬೇಕು.

ಸಿಕ್ಕಿದ್ದು ಬೇರೆ ಒಂದು. ಆ ಹೊಲದ ಖಾಸ್ರಾ ಪಹಣಿಯ ನಕಲು, 1954-55ರದ್ದು. ಹೈದರಾಬಾದ್ ರಾಜ್ಯ ಮುಗಿಯುವ ಮುಂಚೆ ಆಗಿದ್ದ ದಾಖಲೆ ಅದು, ಈಗಲೂ ನಮ್ಮ ಕಡೆ ಕೋರ್ಟಿನಲ್ಲಿ ಅದಕ್ಕೆ ತೂಕ. ಇನಾಮು ಅಂತ ಎಲ್ಲೂ ಬರೆದಿಲ್ಲ, ಸಾದಾ ಪಟ್ಟಾ ಜಮೀನು. ಸಣ್ಣಮನಿಯ ಪಾಲಿನ ಸರ್ವೆ ನಂಬರಿನ ಎದುರು ಪಟ್ಟೇದಾರರ ಹೆಸರು ನಮ್ಮ ಮುತ್ತಜ್ಜಿಯದು. ಅಪ್ಪನ ಅಜ್ಜಿ. ಗಂಡ ತೀರಿಹೋಗಿ, ಸಣ್ಣ ಹುಡುಗನನ್ನು ಇಟ್ಟುಕೊಂಡಿದ್ದ ಹೆಣ್ಣುಮಗಳು. 32 ಪುಟದ ಪುಸ್ತಿಕೆಯಲ್ಲಿ ಅವಳ ಹೆಸರು ಎಲ್ಲೂ ಇಲ್ಲ. ಹೆಳವನ ಏಳು ತಲೆಮಾರಿನಲ್ಲೂ ಇಲ್ಲ.

ಪಹಣಿ ಒಂದರಿಂದಲೇ 'ಹಿರೇಮನಿಯವರು ಬಿಟ್ಟುಕೊಟ್ಟದ್ದು ಸುಳ್ಳು' ಅಂತ ಹೇಳುವುದೂ ತಪ್ಪಾಗುತ್ತದೆ. ಅವಳ ಹೆಸರಿಗೆ ಅದು ಹೇಗೆ ಬಂತು ಅನ್ನುವುದು ಅದರಲ್ಲಿಲ್ಲ. ಅದಕ್ಕೆ ಹಿಂದಿನ ಸೇತ್ವಾರ್ ನೋಡಬೇಕು, ಅರ್ಜಿ ಹಾಕಿದ್ದೇನೆ. ಅಪ್ಪನಿಗೆ ಮಾತ್ರ ಆ ನಕಲು ಸಾಕಾಯಿತು. ತನ್ನ ಅಜ್ಜಿಯ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

ದೊಡ್ಡಪ್ಪನ ಜೊತೆ ಮೂರು ಸಲ ಕೂತು ಮಾತಾಡಿದ ಮೇಲೆ ಎರಡನೇ ಮುದ್ರಣಕ್ಕೆ ಇಷ್ಟು ತೀರ್ಮಾನ ಆಗಿದೆ. ಟೇಲರ್ ಸಾಹೇಬ ಇರುತ್ತಾನೆ, ಆದರೆ 'ನಮ್ಮ ಮುತ್ಯಾ ಬರೆದಿಟ್ಟ ಪ್ರಕಾರ' ಅಂತ ಅವರ ಹೆಸರಿನಲ್ಲೇ. ಲೆಕ್ಕದ ಪುಸ್ತಕದ ಆ ಪುಟದ ಫೋಟೋ ಹಾಕುತ್ತೇವೆ. 1868 ತೆಗೆದು '1268 ಫಸಲಿ, ಅಂದರೆ 1858-59' ಅಂತ ಮಾಡುತ್ತೇವೆ. ಎರಡು ಪುಸ್ತಕಗಳನ್ನು ಆಧಾರ ಅಂತ ತೋರಿಸುವುದಿಲ್ಲ. 'ದೊಡ್ಡ ಮನಸ್ಸು ಮಾಡಿ' ಅನ್ನುವ ವಾಕ್ಯಕ್ಕೆ ದೊಡ್ಡಪ್ಪ ಇನ್ನೂ ಜಗ್ಗಿಲ್ಲ. ಸೇತ್ವಾರ್ ಬರಲಿ, ಆಮೇಲೆ ನೋಡೋಣ ಅಂದಿದ್ದಾರೆ. ಕಲ್ಲು ಕೆತ್ತುವವನಿಗೆ ಸದ್ಯ ತಡೆ ಅಂತ ಹೇಳಿ ಕಳಿಸಿದ್ದಾರೆ. ಪಟ್ಟಿ ಎತ್ತಿದ ದುಡ್ಡು ಗುಡಿಯ ಖಾತೆಯಲ್ಲೇ ಇದೆ.

ಮುತ್ತಜ್ಜಿಗೆ ಒಂದು ಪುಟ ಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಆ ಪುಟಕ್ಕೆ ತುಂಬಲು ಸದ್ಯ ನನ್ನ ಹತ್ತಿರ ಇರುವುದು ಒಂದು ಹೆಸರು, ಒಂದು ಸರ್ವೆ ನಂಬರು. ಅವಳ ತವರು ಹೊಳಿ ಆಚಿ, ಸಿರುಗುಪ್ಪದ ಕಡೆ ಅಂತ ಅಪ್ಪ ಹೇಳುತ್ತಾರೆ. ಅಂದರೆ 1800ರಲ್ಲೇ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ಸೀಮೆ. 1953ರವರೆಗೆ ಮದ್ರಾಸಿನ ಆಡಳಿತ. ಗೆಜೆಟಿಯರ್ ಬೇರೆ, 1904ರ ಫ್ರಾನ್ಸಿಸ್ ಸಾಹೇಬರದು. ಫಸಲಿ ವರ್ಷ ಅಲ್ಲೂ ಇದೆ, ಆದರೆ ನಮ್ಮಲ್ಲಿ ಅಕ್ಟೋಬರಿನಲ್ಲಿ ಶುರುವಾದರೆ ಅಲ್ಲಿ ಜುಲೈ ಒಂದಕ್ಕೆ ಶುರು. ನನ್ನ ಸ್ಕ್ರಿಪ್ಟಿಗೆ ಸಿರುಗುಪ್ಪದ ಹದಿನೈದು ಸ್ಪೆಲ್ಲಿಂಗು ಸೇರಿಸಬೇಕು.